ಯಾರ ಷರತ್ತಿನ ಸಾಧನ? – ಶಾಲೆಯ ಗಣಕಯಂತ್ರವೂ ಮಕ್ಕಳ ಮಾಹಿತಿಯೂ

ಜಗತ್ತಿನ ಶಿಕ್ಷಣದ ಸ್ಥಿತಿಗತಿಗಳನ್ನು ಪರಿಶೀಲಿಸಿ ಯುನೆಸ್ಕೊ ಸಂಸ್ಥೆಯು ಪ್ರಕಟಿಸುತ್ತ ಬಂದಿರುವ ವರದಿಗಳ ಮಾಲೆಯಲ್ಲಿ 2023ರ ಸಂಪುಟವು ತಂತ್ರಜ್ಞಾನವನ್ನು ಕುರಿತದ್ದು. ಆ ವರ್ಷದ ಜುಲೈ 26ರಂದು ಉರುಗ್ವೆ ದೇಶದ ರಾಜಧಾನಿ ಮಾಂಟೆವಿಡಿಯೊದಲ್ಲಿ ಅದು ಬಿಡುಗಡೆಗೊಂಡಿತು. ಸರ್ಕಾರಿ ಶಾಲೆಯ ಪ್ರತಿಯೊಂದು ಮಗುವಿಗೂ ಒಂದೊಂದು ಲ್ಯಾಪ್‌ಟಾಪ್ ಕೊಡುವ ಯೋಜನೆಯನ್ನು 2007ರಲ್ಲಿಯೇ ಕೈಗೆತ್ತಿಕೊಂಡ ನಾಡು ಅದು. ಅಂತಹ ನೆಲದಲ್ಲಿ ನಿಂತು ಯಂತ್ರವನ್ನು ಹೊಗಳುವ ಬದಲು ಪ್ರಶ್ನಿಸುವುದಕ್ಕೆ ಒಂದಿಷ್ಟು ಧೈರ್ಯ ಬೇಕು. ಸಂಪುಟದ ಶೀರ್ಷಿಕೆಯೇ ಒಂದು ಪ್ರಶ್ನೆ: ಶಿಕ್ಷಣದಲ್ಲಿ ತಂತ್ರಜ್ಞಾನವು ಯಾರ ಷರತ್ತಿನ ಮೇಲೆ ಬಂದ ಸಾಧನ? ವರದಿಯ ಉತ್ತರಗಳಿಗಿಂತ ಈ ಪ್ರಶ್ನೆಯೇ ಹೆಚ್ಚು ಬೆಲೆಯುಳ್ಳದ್ದೆಂದರೆ ಅದು ವರದಿಯನ್ನು ಹಳಿದಂತಾಗದು.

ವರದಿ ಹೊರಬಂದಾಗ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಕಂಡದ್ದು ಬಹುತೇಕ ಒಂದೇ ಸುದ್ದಿ, ಶಾಲೆಯಲ್ಲಿ ಮೊಬೈಲ್ ನಿಷೇಧದ ಸುದ್ದಿ. ಆ ಹೊತ್ತಿಗೆ ಲೋಕದ ನಾಲ್ಕರಲ್ಲಿ ಒಂದು ಪಾಲಿಗಿಂತ ಕಡಿಮೆ ದೇಶಗಳು ಮಾತ್ರ ಇಂತಹ ನಿಷೇಧವನ್ನು ತಂದಿದ್ದವು. 2024ರ ಕೊನೆಗೆ ಈ ಪ್ರಮಾಣ ಶೇಕಡಾ 40ಕ್ಕೆ ಏರಿತು. ವಾಸ್ತವವಾಗಿ ವರದಿ ಹೇಳಿದ್ದು ಕಲಿಕೆಗೆ ನೆರವಾಗುವಲ್ಲಿ ಮಾತ್ರ ಸಾಧನವನ್ನು ಬಳಸಬೇಕೆಂದೇ ಹೊರತು ಎಲ್ಲವನ್ನೂ ಗೇಟಿನ ಹೊರಗಿಡಬೇಕೆಂದಲ್ಲ. ನಾಲ್ಕುನೂರಕ್ಕೂ ಹೆಚ್ಚು ಪುಟಗಳ ಗ್ರಂಥವೊಂದು ಮಕ್ಕಳ ಕಿಸೆಯ ಮೊಬೈಲಿಗೆ ಕುಗ್ಗಿಹೋದದ್ದು ಪತ್ರಿಕೆಗಳ ದೋಷ. ಆದರೆ ಅದರಿಂದ ಹಿರಿಯರಿಗೆ ಒಂದು ಅನುಕೂಲವಾಯಿತೆಂಬುದನ್ನೂ ಮರೆಮಾಚಬೇಕಾಗಿಲ್ಲ. ತಪ್ಪೆಲ್ಲ ಮಗುವಿನ ಕೈಯಲ್ಲಿರುವ ಯಂತ್ರದ್ದೆಂದು ತೀರ್ಮಾನವಾದ ಮೇಲೆ, ಶಾಲೆಯ ಕಚೇರಿಯಲ್ಲಿರುವ ಯಂತ್ರದ ಕಡೆಗೆ ಯಾರ ದೃಷ್ಟಿಯೂ ಹೊರಳಲಿಲ್ಲ.

ವರದಿಯ ವಿವೇಚನೆ ನಾಲ್ಕು ಒರೆಗಲ್ಲುಗಳನ್ನು ಮುಂದಿಡುತ್ತದೆ. ತಂದ ಸಾಧನ ಆ ಸನ್ನಿವೇಶಕ್ಕೆ ತಕ್ಕದ್ದೇ, ಎಲ್ಲರಿಗೂ ಸಮನಾಗಿ ದೊರೆಯುವಂಥದ್ದೇ, ವಿಸ್ತರಿಸಲು ಸಾಧ್ಯವೇ, ಬಾಳಿಕೆ ಬರುವಂಥದ್ದೇ ಎಂಬಿವು ಆ ಪ್ರಶ್ನೆಗಳು. ಸಾಮಾನ್ಯವಾಗಿ ಇಂತಹ ಚೌಕಟ್ಟುಗಳು ವರದಿಗಳ ಅಲಂಕಾರವಾಗಿ ಉಳಿಯುತ್ತವೆ. ಇಲ್ಲಿ ಹಾಗಾಗಿಲ್ಲ. ಪೆರು ದೇಶದಲ್ಲಿ 10 ಲಕ್ಷಕ್ಕೂ ಮೀರಿದ ಲ್ಯಾಪ್‌ಟಾಪ್‌ಗಳನ್ನು ಹಂಚಿ, ಬೋಧನೆಯ ಕ್ರಮದಲ್ಲಿ ಅವನ್ನು ಅಳವಡಿಸದೆ ಬಿಟ್ಟದ್ದರಿಂದ ಕಲಿಕೆ ಉತ್ತಮಗೊಳ್ಳಲಿಲ್ಲವೆಂಬುದನ್ನು ಅದು ಮುಚ್ಚಿಡುವುದಿಲ್ಲ. ಚೀನಾದಲ್ಲಿ ಉತ್ತಮ ಶಿಕ್ಷಕರ ಪಾಠಗಳನ್ನು ಮುದ್ರಿಸಿ 10 ಕೋಟಿ ಗ್ರಾಮೀಣ ವಿದ್ಯಾರ್ಥಿಗಳಿಗೆ ತಲುಪಿಸಿದ್ದರಿಂದ ಫಲಿತಾಂಶ ಶೇಕಡಾ 32ರಷ್ಟು ಸುಧಾರಿಸಿತೆಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ದಾಖಲಿಸುತ್ತದೆ. ಯಂತ್ರವೈರದಿಂದ ಬರೆದ ಪುಸ್ತಕ ಇದಲ್ಲ.

ಸಾಕ್ಷ್ಯವನ್ನು ಕುರಿತ ಭಾಗವು ವರ್ತಕನಾದವನು ಎರಡು ಸಲ ಓದಬೇಕಾದದ್ದು. ಶಾಲೆಗಳಿಗೆ ಮಾರಾಟವಾಗುವ ತಂತ್ರಾಂಶಗಳು ಸರಾಸರಿ 36 ತಿಂಗಳಿಗೊಮ್ಮೆ ಬದಲಾಗುತ್ತವೆ. ಒಂದನ್ನು ಪರೀಕ್ಷಿಸಿ ಮುಗಿಸುವಷ್ಟರಲ್ಲಿ ಅದರ ಜಾಗದಲ್ಲಿ ಮತ್ತೊಂದು ಬಂದಿರುತ್ತದೆ. ಬ್ರಿಟನ್ನಿನಲ್ಲಿ ಇಂತಹ ಕಂಪನಿಗಳ ಪೈಕಿ ಶೇಕಡಾ 7ರಷ್ಟು ಮಾತ್ರ ತಮ್ಮ ಸರಕನ್ನು ಕ್ರಮಬದ್ಧವಾದ ತುಲನಾತ್ಮಕ ಪ್ರಯೋಗಕ್ಕೆ ಒಡ್ಡಿದ್ದವು. ಅಮೆರಿಕದ 17 ರಾಜ್ಯಗಳಲ್ಲಿ ವಿಚಾರಿಸಿದಾಗ, ಕೊಳ್ಳುವ ಮೊದಲು ವಿದ್ವಾಂಸರು ಪರಿಶೀಲಿಸಿದ ಪುರಾವೆಯನ್ನು ಕೇಳಿದ ಶಿಕ್ಷಕರು ಮತ್ತು ಆಡಳಿತಗಾರರು ಶೇಕಡಾ 11 ಮಂದಿ. ದಲಾಲ ಹೇಳಿದ ದರಕ್ಕೆ ಮೂಟೆಯನ್ನು ಬಿಚ್ಚಿ ನೋಡದೆ ಸರಕು ಇಳಿಸಿಕೊಳ್ಳುವ ಅಂಗಡಿಕಾರನನ್ನು ಯಾವ ಪೇಟೆಯಲ್ಲಿಯೂ ಜಾಣನೆನ್ನುವುದಿಲ್ಲ. ಅದೇ ವ್ಯಕ್ತಿ ಶಾಲೆಯ ಆಡಳಿತ ಮಂಡಳಿಯ ಸಭೆಯಲ್ಲಿ ಕುಳಿತಾಗ, ಪರದೆಯ ಮೇಲೆ ಮೂಡಿದ ಬಣ್ಣದ ಚಿತ್ರಗಳನ್ನು ಕಂಡು ಸಹಿ ಹಾಕುವುದು ವಿಚಿತ್ರವಾದರೂ ನಿಜ.

ವೆಚ್ಚದ ಲೆಕ್ಕ ಇನ್ನೂ ಕಠಿನವಾದದ್ದು. ಯಂತ್ರಕ್ಕೆ ಮೊದಲು ತೆರುವ ಹಣವು ಒಟ್ಟು ವೆಚ್ಚದ ಕಾಲುಭಾಗ ಮಾತ್ರವೆಂದು ವರದಿ ತಿಳಿಸುತ್ತದೆ. ಉಳಿದ ಮುಕ್ಕಾಲು ಭಾಗ ವಿದ್ಯುತ್ತು, ದುರಸ್ತಿ, ಶಿಕ್ಷಕರ ತರಬೇತಿ, ವಾರ್ಷಿಕ ಪರವಾನಗಿ, ಯು.ಪಿ.ಎಸ್. ಬ್ಯಾಟರಿ ಮುಂತಾದವುಗಳ ರೂಪದಲ್ಲಿ ನಿಧಾನವಾಗಿ ಬರುತ್ತದೆ. ಧರ್ಮಸಂಸ್ಥೆಗಳು ನಡೆಸುವ ಶಾಲೆಗಳಲ್ಲಿ ಇದರ ಸ್ವರೂಪ ಸ್ಪಷ್ಟವಾಗಿ ಕಾಣುತ್ತದೆ. ದಾನಿಯೊಬ್ಬರು ಹಿರಿಯರ ಸ್ಮರಣಾರ್ಥ ಗಣಕಯಂತ್ರದ ಕೊಠಡಿಯನ್ನು ಕೊಡುತ್ತಾರೆ. ಹೆಸರಿನ ಕಲ್ಲು ಗೋಡೆಗೆ ಏರುತ್ತದೆ. ಉದ್ಘಾಟನೆ ವಿಜೃಂಭಣೆಯಿಂದ ನೆರವೇರುತ್ತದೆ. ಮೂರನೆಯ ವರ್ಷದಲ್ಲಿ ಬ್ಯಾಟರಿ ಸತ್ತಾಗ ಅದಕ್ಕೆ ದಾನಿಗಳಿಲ್ಲ, ಬ್ಯಾಟರಿಯ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲವಲ್ಲ. ಅಢಾವೆ ಪತ್ರಿಕೆಯಲ್ಲಿ ಸವಕಳಿ ಕಳೆದು ಕಳೆದು ಯಂತ್ರದ ಬೆಲೆ ಸೊನ್ನೆಗೆ ಹತ್ತಿರವಾಗುತ್ತದೆ. ಆದರೆ ಅದನ್ನು ಕೊಟ್ಟಾಗ ನಿರೀಕ್ಷಿಸಿದ ಫಲವು ಯಾವ ಕಾಲಂನಲ್ಲಿಯೂ ಜಮೆಯಾಗಿರುವುದಿಲ್ಲ. ಅಮೆರಿಕದಂತಹ ಸಿರಿವಂತ ನಾಡಿನಲ್ಲಿಯೇ ಶಾಲೆಗಳು ಕೊಂಡ ತಂತ್ರಾಂಶ ಪರವಾನಗಿಗಳಲ್ಲಿ ಮೂರನೇ ಎರಡು ಪಾಲು ಬಳಕೆಯಾಗದೆ ಉಳಿದವೆಂದು ವರದಿ ಹೇಳುವಾಗ, ಸಣ್ಣ ಊರುಗಳ ಟ್ರಸ್ಟುಗಳು ತಮ್ಮ ಬೀರುವನ್ನು ತೆರೆದು ನೋಡಿಕೊಳ್ಳಲು ನಾಚಬೇಕಾಗಿಲ್ಲ.

ಕೋವಿಡ್ ಕಾಲದ ಅನುಭವದ ಬಗ್ಗೆ ವರದಿ ಕೊಡುವ ಅಂಕಿ ಒಂದೇ ಸಾಕು. ಅಂತರಜಾಲ, ದೂರದರ್ಶನ, ಬಾನುಲಿ ಎಲ್ಲವನ್ನೂ ಸೇರಿಸಿದರೂ ಲೋಕದ ಕನಿಷ್ಠ 50 ಕೋಟಿ ವಿದ್ಯಾರ್ಥಿಗಳನ್ನು ದೂರಪಾಠಗಳು ಮುಟ್ಟಲಾರದೆ ಹೋದವು. ಕರ್ನಾಟಕದಲ್ಲಿ 2020ರಲ್ಲಿ ಚಂದನ ವಾಹಿನಿಯ ಪಾಠಗಳ ಜೊತೆಗೆ ಆಗಸ್ಟ್ ತಿಂಗಳಲ್ಲಿ ವಿದ್ಯಾಗಮ ಆರಂಭವಾಯಿತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ತಾತ್ಕಾಲಿಕವಾಗಿ ನಿಂತುಹೋದರೂ, ಯಂತ್ರ ಸೋತಲ್ಲಿ ಮನುಷ್ಯನ ಕಾಲು ನಡೆದ ದಾಖಲೆಯಾಗಿ ಅದು ಉಳಿಯತಕ್ಕದ್ದು.

ಇನ್ನು ಈ ಗ್ರಂಥದ ಅತ್ಯಂತ ಗಂಭೀರವಾದ ವಿಷಯಕ್ಕೆ ಬರಬಹುದು. ಅದು ಮಕ್ಕಳ ಮಾಹಿತಿಯ ವಿಚಾರ. ಶಿಕ್ಷಣದಲ್ಲಿ ಮಾಹಿತಿಯ ಖಾಸಗಿತನವನ್ನು ಕಾನೂನಿನ ಮೂಲಕ ಸ್ಪಷ್ಟವಾಗಿ ರಕ್ಷಿಸಿದ ದೇಶಗಳು ಶೇಕಡಾ 16 ಮಾತ್ರವೆಂದು ವರದಿ ತಿಳಿಸುತ್ತದೆ. ಕೋವಿಡ್ ಕಾಲದಲ್ಲಿ ಶಿಫಾರಸಾದ 163 ಶೈಕ್ಷಣಿಕ ತಂತ್ರಾಂಶಗಳಲ್ಲಿ ಶೇಕಡಾ 89ರಷ್ಟಕ್ಕೆ ಮಕ್ಕಳ ಮೇಲೆ ಕಣ್ಣಿಡುವ ಸಾಮರ್ಥ್ಯವಿತ್ತೆಂಬುದನ್ನೂ ಉಲ್ಲೇಖಿಸುತ್ತದೆ. ಇವು ಸಣ್ಣ ಮಾತುಗಳಲ್ಲ. ಆದರೆ ಇಲ್ಲಿಂದ ಮುಂದೆ ವರದಿ ನೀಡುವ ಪರಿಹಾರ ಮಾತ್ರ ತೃಪ್ತಿಕರವೆನಿಸುವುದಿಲ್ಲ. ಸರ್ಕಾರಗಳು ಕಾನೂನು, ಮಾನದಂಡ ಹಾಗೂ ಒಳ್ಳೆಯ ಪದ್ಧತಿಗಳನ್ನು ಅಂಗೀಕರಿಸಿ ಜಾರಿಗೊಳಿಸಬೇಕೆಂದು ಅದು ಸಲಹೆ ಮಾಡುತ್ತದೆ. ಸಲಹೆ ತಪ್ಪಲ್ಲ, ಸಾಲದು. ವರದಿ ಸರ್ಕಾರಗಳನ್ನು ಸಂಬೋಧಿಸಿ ಬರೆದದ್ದು. ಮಗುವಿನ ಮಾಹಿತಿ ಇರುವುದು ಸರ್ಕಾರದ ಮಂತ್ರಾಲಯದಲ್ಲಿ ಮಾತ್ರವಲ್ಲ. ಶಾಲೆಯ ಗುಮಾಸ್ತನ ಮೇಜಿನ ಮೇಲೆ, ಕರಾರು ಮಾಡಿಕೊಂಡ ಕಂಪನಿಯ ದೂರದ ಸರ್ವರಿನಲ್ಲಿ.

ವರದಿ ಬಂದು ಒಂದೂವರೆ ವರ್ಷಕ್ಕೆ ನಡೆದ ಪ್ರಸಂಗವೊಂದು ಈ ಕೊರತೆಯನ್ನು ಎತ್ತಿ ತೋರಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪವರ್‌ಸ್ಕೂಲ್ ಎಂಬ ಕಂಪನಿ ಉತ್ತರ ಅಮೆರಿಕದ ಸಾವಿರಾರು ಶಾಲೆಗಳ ವಿದ್ಯಾರ್ಥಿ ದಾಖಲೆಗಳನ್ನು ನಿರ್ವಹಿಸುತ್ತದೆ. 2024ರ ಡಿಸೆಂಬರ್‌ನಲ್ಲಿ ಅದರ ಗ್ರಾಹಕ ಸಹಾಯ ವ್ಯವಸ್ಥೆಯೊಳಗೆ, ಕದ್ದ ಗುಪ್ತಪದವೊಂದರ ನೆರವಿನಿಂದ ಪರಕೀಯರು ನುಗ್ಗಿದರು. ಕೋಟಿಗಟ್ಟಲೆ ವಿದ್ಯಾರ್ಥಿಗಳ ಹಾಗೂ ಲಕ್ಷಗಟ್ಟಲೆ ಶಿಕ್ಷಕರ ಹೆಸರು, ವಿಳಾಸ, ಕೆಲವರ ಸಾಮಾಜಿಕ ಭದ್ರತಾ ಸಂಖ್ಯೆ, ಆರೋಗ್ಯದ ವಿವರಗಳು ಸೋರಿಹೋದವು. ಕಂಪನಿ ಸುಲಿಗೆಯ ಹಣವನ್ನು ತೆತ್ತಿತು. ಮಾಹಿತಿಯನ್ನು ಅಳಿಸಿದ್ದಾಗಿ ಕಳ್ಳರು ಕೊಟ್ಟ ಮಾತನ್ನು ನಂಬಿತು. 2025ರ ಮೇ ತಿಂಗಳಲ್ಲಿ ಅದೇ ಮಾಹಿತಿಯನ್ನು ಮುಂದಿಟ್ಟುಕೊಂಡು ಬೇರೆ ಬೇರೆ ಶಾಲಾ ಮಂಡಳಿಗಳಿಗೆ ಬೆದರಿಕೆಯ ಪತ್ರಗಳು ಬರತೊಡಗಿದವು. ಕದ್ದವನ ಪ್ರಾಮಾಣಿಕತೆಯ ಮೇಲೆ ವಿಶ್ವಾಸವಿಟ್ಟು ಹಣ ಕಟ್ಟುವುದು ಎಂತಹ ವ್ಯವಹಾರವೆಂಬುದನ್ನು ವಿವರಿಸಬೇಕಾಗಿಲ್ಲ. ಮ್ಯಾಸಚೂಸೆಟ್ಸ್‌ನ ಹತ್ತೊಂಬತ್ತರ ಹರೆಯದ ಕಾಲೇಜು ವಿದ್ಯಾರ್ಥಿಯೊಬ್ಬ ತಪ್ಪೊಪ್ಪಿಕೊಂಡನು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವನಿಗೆ ನಾಲ್ಕು ವರ್ಷಗಳ ಸೆರೆವಾಸವಾಯಿತು.

ಈ ಪ್ರಸಂಗದಲ್ಲಿ ಎಲ್ಲಕ್ಕಿಂತ ಹೆಚ್ಚು ಚಿಂತನೆಗೆ ಒಳಪಡಿಸುವ ಅಂಶವು ಕೆನಡಾದ ಟೊರಾಂಟೊ ನಗರದ ಶಾಲಾ ಮಂಡಳಿಯ ಪ್ರಕಟಣೆಯಲ್ಲಿದೆ. ಸೋರಿರಬಹುದಾದ ಮಾಹಿತಿ 1985ರ ಸೆಪ್ಟೆಂಬರ್‌ನಿಂದ 2024ರ ಡಿಸೆಂಬರ್‌ವರೆಗಿನ ವಿದ್ಯಾರ್ಥಿಗಳದ್ದೆಂದು ಮಂಡಳಿ ತಿಳಿಸಿತು. 1985ರಲ್ಲಿ ಶಾಲೆಯಲ್ಲಿದ್ದ ಮಗು ಈಗ ನಡುವಯಸ್ಸನ್ನು ದಾಟುತ್ತಿರುವ ಗೃಹಸ್ಥ. ಅವನ ಬಾಲ್ಯದ ವಿವರ ಸುಮಾರು 40 ವರ್ಷ ಕಾಲ ಕಡತದಿಂದ ಗಣಕಕ್ಕೆ, ಗಣಕದಿಂದ ಕಂಪನಿಗೆ ಸಾಗುತ್ತ ಬಂದಿತು. ಇದನ್ನು ಇನ್ನೂ ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆ ಒಮ್ಮೆ ಗಟ್ಟಿಯಾಗಿ ಎದ್ದಿದ್ದರೂ ಕಳ್ಳರಿಗೆ ಸಿಕ್ಕಿದ ಗಂಟು ಬಹಳಷ್ಟು ಹಗುರಾಗುತ್ತಿತ್ತು. ಅಮೆರಿಕದಲ್ಲಿಯೂ ಕೆನಡಾದಲ್ಲಿಯೂ ಕಾನೂನುಗಳಿರಲಿಲ್ಲವೆಂದಲ್ಲ. ವರದಿ ಬಯಸುವಂತಹ ನಿಯಮಗಳು ಅಲ್ಲಿ ಇದ್ದವು. ಇಲ್ಲದಿದ್ದದ್ದು ಕಳೆಯುವ ಅಭ್ಯಾಸ. ಕಾಗದದ ಕಾಲದಲ್ಲಿ ಬೀರು ತುಂಬಿದಾಗ ಏನನ್ನಾದರೂ ಹೊರಹಾಕಲೇಬೇಕಾಗಿತ್ತು. ಗಣಕದಲ್ಲಿ ಬೀರು ತುಂಬುವುದೇ ಇಲ್ಲ. ಸಂಗ್ರಹಕ್ಕೆ ಮಿತಿ ಹೇರುತ್ತಿದ್ದ ಸ್ಥಳದ ಅಭಾವ ಅಳಿದ ಮೇಲೆ, ಆ ಮಿತಿಯನ್ನು ಮನುಷ್ಯನೇ ಬುದ್ಧಿಪೂರ್ವಕವಾಗಿ ಹಾಕಿಕೊಳ್ಳಬೇಕಾಗುತ್ತದೆ. ಯುನೆಸ್ಕೊ ವರದಿಯ ನಾಲ್ಕು ಒರೆಗಲ್ಲುಗಳ ಜೊತೆಗೆ ಇದನ್ನು ಐದನೆಯದಾಗಿ ಸೇರಿಸಬಹುದಾಗಿತ್ತು.

ಭಾರತದ ಪರಿಸ್ಥಿತಿಗೆ ಬಂದರೆ, ದೀಕ್ಷಾ ಎಂಬ ಸರ್ಕಾರಿ ಕಲಿಕಾ ವ್ಯವಸ್ಥೆಗೆ ಸಂಬಂಧಿಸಿದ ಸರ್ವರೊಂದು ರಕ್ಷಣೆಯಿಲ್ಲದೆ ತೆರೆದಿತ್ತೆಂಬ ಸುದ್ದಿ 2023ರ ಜನವರಿಯಲ್ಲಿ ಪ್ರಕಟವಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು ಮತ್ತು ದೂರವಾಣಿ ಸಂಖ್ಯೆಗಳು ಅದರಲ್ಲಿದ್ದವು. ಅದೇ ವರ್ಷದ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಹದಿನೆಂಟು ತುಂಬದವರೆಲ್ಲರೂ ಈ ಅಧಿನಿಯಮದ ಪ್ರಕಾರ ಮಕ್ಕಳೇ. ಅವರ ಮಾಹಿತಿಯನ್ನು ಬಳಸಲು ತಂದೆತಾಯಿಗಳ ಪರಿಶೀಲನಾರ್ಹ ಸಮ್ಮತಿ ಬೇಕು. ಅವರ ಚಲನವಲನವನ್ನು ಹಿಂಬಾಲಿಸಕೂಡದು. ಅವರನ್ನು ಗುರಿಯಾಗಿಸಿ ಜಾಹೀರಾತು ಬೀರಕೂಡದು. ನಿಯಮಗಳು ಶಿಕ್ಷಣ ಸಂಸ್ಥೆಗಳಿಗೆ ಇದರಲ್ಲಿ ಒಂದು ವಿನಾಯಿತಿಯನ್ನು ನೀಡಿವೆ. ಶೈಕ್ಷಣಿಕ ಚಟುವಟಿಕೆಗಾಗಿ ಅಥವಾ ಮಗುವಿನ ಸುರಕ್ಷತೆಗಾಗಿ ಶಾಲೆ ಮಕ್ಕಳ ಚಟುವಟಿಕೆಯನ್ನು ಗಮನಿಸಬಹುದು. ಬಸ್ಸು ಎಲ್ಲಿದೆಯೆಂದು ತಿಳಿಯುವುದಕ್ಕೆ ಇದು ಅಗತ್ಯವೇ ಸರಿ. ಆದರೆ ಶೈಕ್ಷಣಿಕ ಚಟುವಟಿಕೆ ಎಂಬ ಮಾತು ಎಷ್ಟು ಹಿಗ್ಗಬಲ್ಲದೆಂಬುದನ್ನು ಊಹಿಸಲು ಕಷ್ಟವಿಲ್ಲ.

ವಿನಾಯಿತಿಯ ಸುದ್ದಿ ಆಡಳಿತ ಮಂಡಳಿಗಳಿಗೆ ಬೇಗ ತಲುಪುತ್ತದೆ, ಹೊಣೆಯ ಸುದ್ದಿ ತಡವಾಗಿ. ಉದ್ದೇಶ ಮುಗಿದ ಮೇಲೆ, ಬೇರೊಂದು ಕಾನೂನು ಇಟ್ಟುಕೊಳ್ಳಲು ಹೇಳದ ಹೊರತು, ಮಾಹಿತಿಯನ್ನು ಅಳಿಸತಕ್ಕದ್ದೆಂದು ಅಧಿನಿಯಮ ಹೇಳುತ್ತದೆ. ಕಂಪನಿಯೊಂದರ ಮೂಲಕ ಕೆಲಸ ಮಾಡಿಸಿದರೂ ಜವಾಬ್ದಾರಿ ಮಾಡಿಸಿದವರ ಮೇಲೆಯೇ ನಿಲ್ಲುತ್ತದೆ; ರಕ್ಷಣೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿಗಳವರೆಗೆ ಹೋಗಬಹುದು. ಮಾಹಿತಿಯನ್ನು ಹೊಂದಿರುವವರನ್ನು ಅಧಿನಿಯಮ ಒಡೆಯರೆಂದು ಕರೆಯುವುದಿಲ್ಲ. ನಂಬಿಕೆಯ ಮೇಲೆ ವಹಿಸಿಕೊಂಡವರೆಂಬ ಅರ್ಥದ ಪದವನ್ನು ಬಳಸುತ್ತದೆ. ನ್ಯಾಸ ಎಂಬ ಶಬ್ದದ ಅರ್ಥವೂ ಅದೇ. ಒಪ್ಪಿಸಿಟ್ಟ ವಸ್ತುವನ್ನು ನುಂಗಿಹಾಕುವ ನ್ಯಾಸಾಪಹಾರವನ್ನೂ, ಪರರ ಗುಟ್ಟನ್ನು ಹೊರಗೆಡಹುವುದನ್ನೂ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಒಟ್ಟಿಗೇ ಎಣಿಸಿದೆ. ಅಸ್ತೇಯದ ಅಡಿಯಲ್ಲಿ ಬರಬಹುದಾಗಿದ್ದ ಲೋಪವನ್ನು ಸತ್ಯದ ಅಡಿಯಲ್ಲಿ ಇರಿಸಿರುವುದು ಗಮನಾರ್ಹ.

ಶಾಲೆಯ ಕಚೇರಿಗೆ ಒಂದು ಮಗುವಿನ ಬಗ್ಗೆ ಎಷ್ಟು ತಿಳಿದಿರುತ್ತದೆಂಬುದನ್ನು ಒಮ್ಮೆ ಎಣಿಸಿ ನೋಡಬಹುದು. ಆಧಾರ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಪುಸ್ತಕದ ಪುಟ, ಪೋಷಕರ ಮೊಬೈಲ್ ಸಂಖ್ಯೆ, ಭಾವಚಿತ್ರ, ಅಂಕಗಳು, ಕಾಯಿಲೆಯ ವಿವರ. ಸ್ಯಾಟ್ಸ್, ಯು-ಡೈಸ್ ಪ್ಲಸ್, ಅಪಾರ್ ಎಂದು ಸರ್ಕಾರ ಕೇಳುವ ವಿವರಗಳನ್ನು ತುಂಬುವುದು ಶಾಲೆಗೆ ಅನಿವಾರ್ಯ. ದಾಖಲಾತಿ ವಹಿಯನ್ನು ಕಾಪಾಡಲೇಬೇಕು. ಐವತ್ತು ವರ್ಷದ ಬಳಿಕವೂ ಜನ್ಮದಿನಾಂಕದ ಆಧಾರಕ್ಕಾಗಿ ಹಳೆಯ ವಿದ್ಯಾರ್ಥಿ ಬರುತ್ತಾನೆ. ಪ್ರಶ್ನೆ ಇರುವುದು ಇವುಗಳಾಚೆಗೆ, ಕೇಳಿದವರಿಲ್ಲದೆ ಕೂಡಿಬಿದ್ದ ರಾಶಿಯ ಬಗ್ಗೆ. ಪ್ರವೇಶ ದೊರೆಯದೆ ಹಿಂದಿರುಗಿದ ಮಗುವಿನ ಅರ್ಜಿಯ ಜೊತೆ ಬಂದ ತಂದೆಯ ಆದಾಯಪತ್ರ ಕಚೇರಿಯ ಗಣಕದಲ್ಲಿ ಉಳಿದಿರುವುದೇಕೆ? ಕೆಲಸ ಬಿಟ್ಟುಹೋದ ಗುಮಾಸ್ತನ ಸ್ವಂತ ಮೊಬೈಲಿನಲ್ಲಿ ಇಡೀ ತರಗತಿಯ ಪಟ್ಟಿ ಇರುವುದನ್ನು ಯಾರು ವಿಚಾರಿಸಿದ್ದಾರೆ? ಮೇಜು ಕುರ್ಚಿಗಳಿಗೆ ಡೆಡ್ ಸ್ಟಾಕ್ ರಿಜಿಸ್ಟರ್ ಇದೆ. ಒಂದು ಮುರಿದ ಬೆಂಚನ್ನು ಹೊರಹಾಕಲು ಠರಾವು ಬೇಕು. ಮಕ್ಕಳ ಮಾಹಿತಿಗೆ ಅಂತಹ ವಹಿ ಇಲ್ಲ.

ವಾಟ್ಸಾಪ್ ಗುಂಪುಗಳ ಮಾತು ಬೇರೆಯೇ. ಶುಲ್ಕ ಬಾಕಿ ಉಳಿಸಿಕೊಂಡವರ ಹೆಸರುಗಳನ್ನು ಎಲ್ಲ ಪೋಷಕರು ನೋಡುವ ಗುಂಪಿನಲ್ಲಿ ಪ್ರಕಟಿಸುವ ಪದ್ಧತಿ ಕೆಲವೆಡೆ ಬೆಳೆದಿದೆ. ವಸೂಲಿ ಬೇಗ ಆಗುತ್ತದೆಂಬ ಸಮರ್ಥನೆಯೂ ಇದೆ. ಸಾಲಗಾರನ ಹೆಸರನ್ನು ಅಂಗಡಿಯ ಬಾಗಿಲಿಗೆ ಅಂಟಿಸುವ ವರ್ತಕನ ಅಂಗಡಿಗೆ ಕುಲೀನರು ಕಾಲಿಡುವುದಿಲ್ಲ. ಇಲ್ಲಿ ಸಾಲಗಾರ ತಂದೆ, ಮರುದಿನ ತರಗತಿಯಲ್ಲಿ ತಲೆತಗ್ಗಿಸುವವಳು ಮಗಳು. ಇನ್ನೊಂದು ರೂಢಿಯನ್ನು ಧರ್ಮದರ್ಶಿಗಳು ನಿಷ್ಠುರವಾಗಿ ಪರೀಕ್ಷಿಸಿಕೊಳ್ಳಬೇಕಾಗಿದೆ. ಉಚಿತ ಪುಸ್ತಕ, ಸಮವಸ್ತ್ರ, ವಿದ್ಯಾರ್ಥಿವೇತನ ಪಡೆದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ದಾನಿಗಳೊಡನೆ ಚಿತ್ರ ತೆಗೆದು, ಹೆಸರು ಊರುಗಳ ಸಮೇತ ಫೇಸ್‌ಬುಕ್ಕಿನಲ್ಲಿ ಹಾಕುವುದು ಇಂದು ಸಾಮಾನ್ಯವಾಗಿದೆ. ಹಿಂದೆ ಇಂತಹ ಚಿತ್ರ ವಾರ್ಷಿಕ ವರದಿಯಲ್ಲಿ ಅಚ್ಚಾಗಿ, ನಾಲ್ಕು ಮಂದಿ ನೋಡಿ, ಹಳೆಯ ಕಾಗದದೊಂದಿಗೆ ತೂಕಕ್ಕೆ ಹೋಗುತ್ತಿತ್ತು. ಇಂದಿನದು ಹೋಗುವುದಿಲ್ಲ. ಆ ಬಾಲಕ ಮುಂದೆ ವೈದ್ಯನಾದರೂ, ಅವನ ಹೆಸರನ್ನು ಹುಡುಕಿದವರಿಗೆ ಹತ್ತನೆಯ ವಯಸ್ಸಿನಲ್ಲಿ ಕೈಚಾಚಿ ನಿಂತ ಚಿತ್ರ ಸಿಗುತ್ತದೆ. ದಾನಿಗೆ ಸಂದ ಕೀರ್ತಿಯ ಬೆಲೆಯನ್ನು ತೆತ್ತವನು ಅವನು. ಯುನೆಸ್ಕೊ ವರದಿಯಲ್ಲಿ ಕಂಪನಿಗಳ ಲೋಭದ ಚರ್ಚೆ ಇದೆ. ದಾನದ ಹೆಸರಿನಲ್ಲಿ ಆಗುವ ಈ ಸೋರಿಕೆಯನ್ನು ಯಾವ ಅಂತರರಾಷ್ಟ್ರೀಯ ತಜ್ಞನೂ ಬಂದು ತೋರಿಸಿಕೊಡಬೇಕಾಗಿಲ್ಲ.

ವರದಿಯ ಇತರ ಕೊರತೆಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅದು ಕೆಲವೊಮ್ಮೆ ಎರಡೂ ಪಕ್ಷಕ್ಕೆ ಸಮನಾಗಿ ತಲೆದೂಗಿ ತೀರ್ಪನ್ನು ಮುಂದೂಡುತ್ತದೆ. ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಜನರ ಕೈಗೆ ಬಂದದ್ದರಿಂದ, ಬರೆಯುವ ಯಂತ್ರಗಳ ಪರಿಣಾಮವನ್ನು ಸಾವಕಾಶವಾಗಿ ತೂಗುವುದಕ್ಕೆ ಅದಕ್ಕೆ ಕಾಲಾವಕಾಶ ದೊರೆಯಲಿಲ್ಲ. ಶಿಕ್ಷಕರು ಈಗ ವಿದ್ಯಾರ್ಥಿಯ ಹೆಸರು, ಅಂಕ, ನಡವಳಿಕೆಯ ಟಿಪ್ಪಣಿಗಳನ್ನು ಇಂತಹ ಯಂತ್ರಕ್ಕೆ ಉಣಿಸಿ ಪ್ರಗತಿಪತ್ರದ ಷರಾ ಬರೆಸಬಹುದಾಗಿದೆ. ಶ್ರಮ ಉಳಿಯುವುದು ನಿಜ. ಉಣಿಸಿದ ವಿವರ ಯಾರ ವಶಕ್ಕೆ ಹೋಯಿತೆಂಬುದು ಬೇರೆ ವಿಷಯ. ಅಂಗವೈಕಲ್ಯವುಳ್ಳ ಮಕ್ಕಳಿಗೆ ತಂತ್ರಜ್ಞಾನ ತೆರೆದ ಬಾಗಿಲುಗಳ ಬಗ್ಗೆ ವರದಿ ಬರೆದಿರುವುದು ಮಾತ್ರ ಮುಕ್ತಕಂಠದಿಂದ ಶ್ಲಾಘಿಸತಕ್ಕದ್ದು. ಕಣ್ಣು ಕಾಣದ ವಿದ್ಯಾರ್ಥಿಗೆ ಪುಸ್ತಕವನ್ನು ಓದಿ ಹೇಳುವ ಯಂತ್ರಕ್ಕೆ ಯಾವ ಆಕ್ಷೇಪವೂ ಸಲ್ಲದು.

ಉಳಿದಿರುವುದು ಕಾಲದ ಲೆಕ್ಕ. ಅಧಿನಿಯಮದ ಮುಖ್ಯ ಕಟ್ಟಳೆಗಳು ನಿಯಮಗಳು ಪ್ರಕಟವಾದಂದಿನಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಿಗೆ ಜಾರಿಗೆ ಬರತಕ್ಕವು. ಅದರ ಬೆನ್ನಿಗೇ ಕರ್ನಾಟಕದ ಶಾಲೆಗಳಲ್ಲಿ ಹೊಸ ಶೈಕ್ಷಣಿಕ ವರ್ಷ ತೆರೆಯುತ್ತದೆ. ಹಾಜರಿ, ಶುಲ್ಕ, ಅಂಕಪಟ್ಟಿಗಳ ತಂತ್ರಾಂಶಕ್ಕಾಗಿ ಮೂರು ವರ್ಷಗಳ ಅವಧಿಗೆ ಮಾಡಿಕೊಳ್ಳುವ ಕರಾರು ಆ ದಿನವನ್ನು ದಾಟಿಯೇ ಹೋಗುತ್ತದೆ. ದರ, ಪಾವತಿಯ ಕಂತು, ಸೇವೆಯ ಅವಧಿ ಇವು ಕರಾರಿನ ಮೊದಲ ಪುಟದಲ್ಲಿರುತ್ತವೆ. ಕರಾರು ಮುಗಿದ ಮೇಲೆ ಮಕ್ಕಳ ವಿವರಗಳನ್ನು ಎಷ್ಟು ದಿನಗಳೊಳಗೆ ಹಿಂದಿರುಗಿಸಿ ಅಳಿಸಬೇಕು, ಅಳಿಸಿದ್ದಕ್ಕೆ ಲಿಖಿತ ದೃಢೀಕರಣ ಕೊಡುವವರು ಯಾರು, ಸೋರಿಕೆಯಾದರೆ ಶಾಲೆಗೆ ಎಷ್ಟು ಗಂಟೆಯೊಳಗೆ ತಿಳಿಸಬೇಕು ಎಂಬ ವಿಚಾರಗಳು ಕೊನೆಯ ಪುಟದಲ್ಲಿರಬೇಕು. ಸಹಿಗೆ ಮುನ್ನ ಕಾರ್ಯದರ್ಶಿಗಳು ಆ ಪುಟವನ್ನು ತಿರುವಿ ನೋಡಿ, ಅಂತಹ ಸಾಲುಗಳು ಇಲ್ಲವಾದರೆ ಬರೆಸಿಕೊಂಡೇ ಮುಂದುವರಿಯತಕ್ಕದ್ದು.